ಕಡಿಮೆ ಪ್ರಮಾಣದ ಸಂಯುಕ್ತ ಗರ್ಭನಿರೋಧಕ ಗುಳಿಗೆ

ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಬಗೆಯ ಹಾರ್ಮೋನುಗಳನ್ನು ಸೇರಿಸಿ ತಯಾರಿಸಿದ, ಗರ್ಭ ನಿಲ್ಲದಂತೆ ತಡೆಯಲು ದಿನಕ್ಕೊಂದರಂತೆ ನುಂಗುವ ಗುಳಿಗೆಗೆ ಸಂಯುಕ್ತ ಗರ್ಭನಿರೋಧಕ ಗುಳಿಗೆ ಎಂದು ಹೆಸರು. ಒಂದು ಗುಳಿಗೆಯಲ್ಲಿ ಈಸ್ಟ್ರೊಜೆನ್ 35 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದನ್ನು ಕಡಿಮೆ ಪ್ರಮಾಣದ ಗುಳಿಗೆ ಎನ್ನುತ್ತಾರೆ. ಭಾರತದ ಸರಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್ ಮತ್ತು ಅಗ್ಗದ ಬೆಲೆಗೆ ಮಾರುವ ಮಾಲಾ-ಡಿ ಈ ಗುಂಪಿಗೆ ಸೇರುತ್ತವೆ. ತಪ್ಪದೆ ನುಂಗಿದರೆ ಇವು ಗರ್ಭವನ್ನು ಬಹುಮಟ್ಟಿಗೆ ಪೂರ್ತಿಯಾಗಿ ತಡೆಯುತ್ತವೆ. ಆರೋಗ್ಯವಂತ ಯುವತಿಯರಿಗೆ ಇವುಗಳಿಂದ ಅಪಾಯ ತೀರ ಕಡಿಮೆ. ಆದರೆ ರಕ್ತದೊತ್ತಡ, ವಯಸ್ಸು, ತಂಬಾಕು, ಎದೆಹಾಲು, ತಲೆನೋವು ಈ ಕೆಲವು ವಿಷಯಗಳನ್ನು ಮೊದಲು ವಿಚಾರಿಸಿಯೇ ಗುಳಿಗೆ ಕೊಡಬೇಕು. ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ಗುಳಿಗೆಯ ಪರಿಣಾಮ ಮತ್ತು ಸುರಕ್ಷತೆಯನ್ನು ಈ ಲೇಖನ ವಿವರಿಸುತ್ತದೆ.

ಚರಿತ್ರೆ

ಇಂದಿಗೂ ಬಹುತೇಕ ಗುಳಿಗೆಗಳಲ್ಲಿ ಬಳಕೆಯಾಗುವ ಎಥಿನೈಲ್ ಎಸ್ಟ್ರಾಡಿಯಾಲ್ ಎಂಬ ಈಸ್ಟ್ರೊಜೆನ್ 1938ರಲ್ಲಿ ಜರ್ಮನಿಯ ಶೆರಿಂಗ್ ಕಂಪನಿಯಲ್ಲಿ ತಯಾರಾಯಿತು. 1951ರಲ್ಲಿ ಮೆಕ್ಸಿಕೊದ ಸಿಂಟೆಕ್ಸ್ ಪ್ರಯೋಗಾಲಯದಲ್ಲಿ ಕಾರ್ಲ್ ಜೆರಾಸಿ ಅವರ ತಂಡ ನಾರೆಥಿಸ್ಟೆರೋನ್ ಎಂಬ ಪ್ರೊಜೆಸ್ಟಿನ್ ತಯಾರಿಸಿತು. ಅಮೆರಿಕದಲ್ಲಿ ಗ್ರೆಗರಿ ಪಿಂಕಸ್, ಮಿನ್ ಚುಯೆ ಚಾಂಗ್ ಮತ್ತು ಸ್ತ್ರೀರೋಗ ತಜ್ಞ ಜಾನ್ ರಾಕ್ ಈ ಬಗೆಯ ಹಾರ್ಮೋನುಗಳು ಅಂಡ ಬಿಡುಗಡೆಯನ್ನು ತಡೆಯುತ್ತವೆ ಎಂದು ತೋರಿಸಿದರು. 1956ರಲ್ಲಿ ಪ್ಯೂರ್ಟೊ ರಿಕೊದಲ್ಲಿ ದೊಡ್ಡ ಪ್ರಮಾಣದ ಪ್ರಯೋಗ ಆರಂಭವಾಯಿತು. 1960ರಲ್ಲಿ ಎನೊವಿಡ್ ಎಂಬ ಗುಳಿಗೆಗೆ ಅಮೆರಿಕದ ಔಷಧ ಇಲಾಖೆ ಗರ್ಭನಿರೋಧಕವಾಗಿ ಒಪ್ಪಿಗೆ ನೀಡಿತು.

ಆ ಮೊದಲ ಗುಳಿಗೆಯಲ್ಲಿ ಹಾರ್ಮೋನು ವಿಪರೀತವಾಗಿತ್ತು: ಪ್ರೊಜೆಸ್ಟಿನ್ ಸುಮಾರು 10 ಮಿಲಿಗ್ರಾಂ, ಮೆಸ್ಟ್ರನಾಲ್ ಎಂಬ ಈಸ್ಟ್ರೊಜೆನ್ 150 ಮೈಕ್ರೋಗ್ರಾಂ. ಕೆಲವೇ ವರ್ಷಗಳಲ್ಲಿ, ಗುಳಿಗೆ ನುಂಗುವ ಮಹಿಳೆಯರ ಕಾಲಿನ ಮತ್ತು ಶ್ವಾಸಕೋಶದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದ ಪ್ರಕರಣಗಳು ವರದಿಯಾದವು. ಅಪಾಯಕ್ಕೂ ಈಸ್ಟ್ರೊಜೆನ್ ಪ್ರಮಾಣಕ್ಕೂ ನಂಟಿದೆ ಎಂದು ಕಂಡುಕೊಂಡ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, 50 ಮೈಕ್ರೋಗ್ರಾಂ ಮೀರದ ಗುಳಿಗೆಗಳನ್ನೇ ಬಳಸಬೇಕೆಂದು 1969ರಲ್ಲಿ ಸಲಹೆ ಮಾಡಿತು. ಮರುವರ್ಷ ಅಮೆರಿಕದ ಸೆನೆಟ್ಟಿನಲ್ಲಿ ಗುಳಿಗೆಯ ಸುರಕ್ಷತೆಯ ಬಗ್ಗೆ ವಿಚಾರಣೆ ನಡೆಯಿತು. ಅದರ ಫಲವಾಗಿ ಗುಳಿಗೆಯ ಜೊತೆ ಬಳಕೆದಾರರಿಗೆ ತಿಳಿಯುವಂಥ ಎಚ್ಚರಿಕೆಯ ಚೀಟಿ ಇಡುವುದು ಕಡ್ಡಾಯವಾಯಿತು. 1970ರ ದಶಕದಲ್ಲಿ 30 ಮೈಕ್ರೋಗ್ರಾಂ ಗುಳಿಗೆಗಳು ಬಂದವು. ಈಸ್ಟ್ರೊಜೆನ್ ಇಷ್ಟು ಇಳಿದರೂ ಗರ್ಭ ತಡೆಯುವ ಶಕ್ತಿ ಕುಂದಲಿಲ್ಲ.

ಕರ್ನಾಟಕದ ಮಟ್ಟಿಗೆ ಈ ಚರಿತ್ರೆಗೆ ಎರಡು ಎಳೆಗಳಿವೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರಲ್ಲಿ ಮೈಸೂರು ಸರಕಾರ ಸರಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಸಲಹಾ ಕೇಂದ್ರಗಳನ್ನು ತೆರೆಯಲು ಆದೇಶಿಸಿತು. ಸರಕಾರವೇ ನಡೆಸಿದ ಇಂಥ ಕೇಂದ್ರಗಳಲ್ಲಿ ಇವು ಜಗತ್ತಿನಲ್ಲೇ ಮೊದಲಿನವೆಂದು ಪರಿಗಣಿತವಾಗಿವೆ. ಆಗ ಬಸವಕಲ್ಯಾಣ ಮತ್ತು ಹುಮನಾಬಾದ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಭಾರತದ ಕುಟುಂಬ ಯೋಜನಾ ಕಾರ್ಯಕ್ರಮ ಶುರುವಾದದ್ದು 1952ರಲ್ಲಿ. ಅದು ಮುಂದೆ ಗುಳಿಗೆಗಿಂತ ವಂಕಿ (ಗರ್ಭಕೋಶದೊಳಗೆ ಇಡುವ ಸಾಧನ) ಮತ್ತು ಆಪರೇಷನ್ನಿನ ಮೇಲೆ ಹೆಚ್ಚು ಭಾರ ಹಾಕಿತು. ಮಾಲಾ ಹೆಸರಿನ ಗುಳಿಗೆಗಳು ವ್ಯಾಪಕವಾಗಿ ಹಳ್ಳಿಗಳಿಗೆ ಬಂದದ್ದು 1980ರ ದಶಕದ ಕೊನೆಯ ಭಾಗದಲ್ಲಿ. ಇವನ್ನು ತಯಾರಿಸುವ ಸರಕಾರಿ ಸ್ವಾಮ್ಯದ ಎಚ್‌ಎಲ್‌ಎಲ್ ಲೈಫ್‌ಕೇರ್ ಸಂಸ್ಥೆಯ ಒಂದು ಕಾರ್ಖಾನೆ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿದೆ.

ರಚನೆ ಮತ್ತು ಕೆಲಸ

ಮಾಲಾ-ಎನ್ ಪಟ್ಟಿಯಲ್ಲಿ 28 ಗುಳಿಗೆಗಳಿರುತ್ತವೆ. ಮೊದಲ 21ರಲ್ಲಿ ಲೆವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ ಮತ್ತು ಎಥಿನೈಲ್ ಎಸ್ಟ್ರಾಡಿಯಾಲ್ 0.03 ಮಿಲಿಗ್ರಾಂ, ಅಂದರೆ 30 ಮೈಕ್ರೋಗ್ರಾಂ, ಇರುತ್ತದೆ. ಉಳಿದ 7 ಬೇರೆ ಬಣ್ಣದವು. ಅವುಗಳಲ್ಲಿ ಹಾರ್ಮೋನು ಇಲ್ಲ, ಫೆರಸ್ ಫ್ಯೂಮರೇಟ್ ಎಂಬ ಕಬ್ಬಿಣಾಂಶವಿದೆ. ಈ ಏಳು ದಿನಗಳಲ್ಲಿ ಮುಟ್ಟು ಬರುತ್ತದೆ. ಪಟ್ಟಿ ಮುಗಿದ ಮರುದಿನವೇ, ಸ್ರಾವ ನಿಂತಿರಲಿ ಬಿಡಲಿ, ಹೊಸ ಪಟ್ಟಿ ಶುರು ಮಾಡಬೇಕು. ಕಬ್ಬಿಣದ ಗುಳಿಗೆ ಬಿಟ್ಟರೆ ಗರ್ಭ ನಿಲ್ಲುವುದಿಲ್ಲ. ಆದರೆ ದಿನದ ಲೆಕ್ಕ ತಪ್ಪಿ ಮುಂದಿನ ಪಟ್ಟಿ ತಡವಾಗುವ ಸಂಭವವಿದೆ. ಏಳು ಗುಳಿಗೆ ಸೇರಿಸಿರುವ ಮುಖ್ಯ ಉದ್ದೇಶವೇ ದಿನವೂ ನುಂಗುವ ರೂಢಿ ಮುರಿಯದಿರಲಿ ಎಂಬುದು.

ಗುಳಿಗೆಯ ಹಾರ್ಮೋನುಗಳು ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಸಂದೇಶವನ್ನು ತಗ್ಗಿಸುತ್ತವೆ. ಆಗ ಅಂಡಾಶಯದಲ್ಲಿ ಅಂಡ ಬಲಿಯುವುದಿಲ್ಲ, ಹೊರಬೀಳುವುದೂ ಇಲ್ಲ. ಜೊತೆಗೆ ಗರ್ಭಕೋಶದ ಬಾಯಿಯ ಲೋಳೆ ಮಂದವಾಗಿ ವೀರ್ಯಾಣುಗಳ ದಾರಿ ಕಟ್ಟುತ್ತದೆ, ಗರ್ಭಕೋಶದ ಒಳಪದರ ತೆಳುವಾಗುತ್ತದೆ. ಈಗಾಗಲೇ ನಿಂತ ಗರ್ಭವನ್ನು ಈ ಗುಳಿಗೆ ಕೆಡವುವುದಿಲ್ಲ. ಗರ್ಭಿಣಿ ಎಂದು ತಿಳಿಯದೆ ಕೆಲವು ದಿನ ನುಂಗಿದ್ದರೂ ಮಗುವಿಗೆ ಊನವಾಗುತ್ತದೆ ಎನ್ನಲು ಆಧಾರವಿಲ್ಲ.

ಪರಿಣಾಮ

ಗುಳಿಗೆಯ ಪರಿಣಾಮವನ್ನು ಎರಡು ಅಳತೆಗಳಲ್ಲಿ ಹೇಳುವುದು ವಾಡಿಕೆ. ಒಂದೂ ತಪ್ಪದೆ, ಸರಿಯಾದ ಕ್ರಮದಲ್ಲಿ ನುಂಗಿದರೆ ಮೊದಲ ವರ್ಷದಲ್ಲಿ 1,000 ಮಹಿಳೆಯರಲ್ಲಿ ಸುಮಾರು 3 ಮಂದಿಗೆ ಗರ್ಭ ನಿಲ್ಲುತ್ತದೆ. ಸಾಮಾನ್ಯ ಬಳಕೆಯಲ್ಲಿ, ಅಂದರೆ ಮರೆವು, ತಡ, ವಾಂತಿ, ಪಟ್ಟಿ ಮುಗಿದಾಗ ಹೊಸದು ಸಿಗದಿರುವುದು ಎಲ್ಲವನ್ನೂ ಸೇರಿಸಿದರೆ, 100ರಲ್ಲಿ ಸುಮಾರು 7 ಮಂದಿಗೆ. ಯಾವ ವಿಧಾನವನ್ನೂ ಬಳಸದ ದಂಪತಿಗಳಲ್ಲಿ ಈ ಸಂಖ್ಯೆ 100ಕ್ಕೆ 85ರಷ್ಟು.

ಈ ಎರಡು ಅಳತೆಗಳ ನಡುವಿನ ಅಂತರವೇ ಗುಳಿಗೆಯ ಮುಖ್ಯ ಸಮಸ್ಯೆ. ಮಕ್ಕಳ ನಡುವೆ ಮೂರು ವರ್ಷ ಅಂತರ ಬೇಕೆನ್ನುವ ತಾಯಂದಿರ ಒಂದು ಗುಂಪನ್ನು ತೆಗೆದುಕೊಳ್ಳೋಣ. ವರ್ಷಕ್ಕೆ ಶೇ. 7ರ ಲೆಕ್ಕ ಮೂರು ವರ್ಷವೂ ಹಾಗೆಯೇ ಮುಂದುವರಿದರೆ ಸುಮಾರು ಐವರಲ್ಲಿ ಒಬ್ಬರಿಗೆ ಬೇಡದ ಗರ್ಭ ನಿಲ್ಲುತ್ತದೆ. ತಪ್ಪದೆ ನುಂಗುವವರಲ್ಲಿ ಅದೇ ಅವಧಿಗೆ ನೂರರಲ್ಲಿ ಒಬ್ಬರಿಗೂ ಇಲ್ಲ. ಎರಡೂ ಗುಂಪಿನವರು ನುಂಗುವ ಔಷಧ ಒಂದೇ. ಈ ವ್ಯತ್ಯಾಸವನ್ನು ಕುಗ್ಗಿಸುವುದು ಸಲಹೆ, ರೂಢಿ ಮತ್ತು ಪೂರೈಕೆಯಿಂದ ಮಾತ್ರ ಸಾಧ್ಯ.

ಮುಟ್ಟು ಶುರುವಾದ ಐದು ದಿನಗಳೊಳಗೆ ಮೊದಲ ಗುಳಿಗೆ ನುಂಗಿದರೆ ಆಗಿನಿಂದಲೇ ರಕ್ಷಣೆ ಇರುತ್ತದೆ. ಗರ್ಭಿಣಿಯಲ್ಲ ಎಂಬುದು ಖಚಿತವಿದ್ದರೆ ಬೇರೆ ದಿನವೂ ಶುರು ಮಾಡಬಹುದು, ಆದರೆ ಮೊದಲ ಏಳು ದಿನ ನಿರೋಧ್ (ಕಾಂಡೋಮ್) ಬಳಸಬೇಕು. ಗರ್ಭಪಾತದ ನಂತರ ಕೂಡಲೇ ಆರಂಭಿಸಬಹುದು. ದಿನವೂ ಒಂದೇ ಹೊತ್ತಿಗೆ ನುಂಗುವುದು ಒಳ್ಳೆಯದು. ರಾತ್ರಿ ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಬಸವಕಲ್ಯಾಣದಂಥ ಊರಿನಲ್ಲಿ ರಂಜಾನ್ ಉಪವಾಸ ಹಿಡಿಯುವವರಿಗೂ ಶ್ರಾವಣದಲ್ಲಿ ಒಪ್ಪತ್ತು ಮಾಡುವವರಿಗೂ ರಾತ್ರಿಯ ಹೊತ್ತೇ ಅನುಕೂಲ.

ಗುಳಿಗೆ ಮರೆತರೆ

ಒಂದು ಗುಳಿಗೆ ಮರೆತರೆ ನೆನಪಾದ ಕೂಡಲೇ ನುಂಗಿ, ಆ ದಿನದ್ದನ್ನು ಎಂದಿನ ಹೊತ್ತಿಗೆ ನುಂಗಬೇಕು. ಒಂದೇ ದಿನ ಎರಡಾದರೂ ತೊಂದರೆಯಿಲ್ಲ, ರಕ್ಷಣೆಯೂ ಕೆಡುವುದಿಲ್ಲ. ಹಾರ್ಮೋನಿನ ಗುಳಿಗೆ ಎರಡು ಅಥವಾ ಹೆಚ್ಚು ದಿನ ತಪ್ಪಿದರೆ ಕೊನೆಯದಾಗಿ ತಪ್ಪಿದ ಒಂದನ್ನು ಕೂಡಲೇ ನುಂಗಿ, ಮುಂದಿನವನ್ನು ದಿನಕ್ಕೊಂದರಂತೆ ಮುಂದುವರಿಸಿ, ಏಳು ದಿನ ನಿರೋಧ್ ಬಳಸಬೇಕು. ಮೂರನೆಯ ವಾರದಲ್ಲಿ ಹೀಗಾದರೆ ಹಾರ್ಮೋನಿನ ಗುಳಿಗೆಗಳನ್ನು ಮುಗಿಸಿ, ಕಬ್ಬಿಣದವನ್ನು ಬಿಟ್ಟು ನೇರವಾಗಿ ಹೊಸ ಪಟ್ಟಿಗೆ ಹೋಗಬೇಕು. ಮೊದಲ ವಾರದಲ್ಲಿ ತಪ್ಪಿ, ಹಿಂದಿನ ಐದು ದಿನಗಳಲ್ಲಿ ಸಂಪರ್ಕವಾಗಿದ್ದರೆ ತುರ್ತು ಗುಳಿಗೆಯ ಬಗ್ಗೆ ಕೇಳಬೇಕು. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು.

ಪಟ್ಟಿಯ ನಡುವಿನ ಮರೆವಿಗಿಂತ ಪಟ್ಟಿಯ ಆರಂಭ ಮತ್ತು ಕೊನೆಯ ಮರೆವು ಹೆಚ್ಚು ಅಪಾಯಕರ. ಹಾರ್ಮೋನು ಇಲ್ಲದ ಏಳು ದಿನಗಳಲ್ಲಿ ಅಂಡಾಶಯ ಮತ್ತೆ ಚುರುಕಾಗತೊಡಗುತ್ತದೆ. ಎಂಟನೆಯ ದಿನ ಹೊಸ ಪಟ್ಟಿಯ ಮೊದಲ ಗುಳಿಗೆ ಅದನ್ನು ತಡೆಯುತ್ತದೆ. ಈ ಬಿಡುವು ಒಂಬತ್ತು ಹತ್ತು ದಿನಕ್ಕೆ ಹಿಗ್ಗಿದರೆ ಅಂಡ ಹೊರಬೀಳಬಹುದು. ಆದ್ದರಿಂದ ಒಂದು ಪಟ್ಟಿ ಮುಗಿಯುವ ಮೊದಲೇ ಇನ್ನೊಂದು ಮನೆಯಲ್ಲಿರಬೇಕು.

ಸುರಕ್ಷತೆ

ರಕ್ತ ಹೆಪ್ಪುಗಟ್ಟುವುದು: ಸಂಯುಕ್ತ ಗುಳಿಗೆಯ ಗಂಭೀರ ಅಪಾಯಗಳಲ್ಲಿ ಇದೇ ಮುಖ್ಯ. ಐರೋಪ್ಯ ಔಷಧ ಸಂಸ್ಥೆಯ ಅಂದಾಜಿನಂತೆ ಗುಳಿಗೆ ನುಂಗದ, ಗರ್ಭಿಣಿಯರಲ್ಲದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮಾಲಾ-ಎನ್‌ನಲ್ಲಿರುವಂತೆ ಲೆವೊನಾರ್ಜೆಸ್ಟ್ರೆಲ್ ಇರುವ ಗುಳಿಗೆ ಬಳಸುವವರಲ್ಲಿ 5ರಿಂದ 7 ಮಂದಿಗೆ, ಡೆಸೊಜೆಸ್ಟ್ರೆಲ್, ಜೆಸ್ಟೊಡೀನ್ ಅಥವಾ ಡ್ರೊಸ್ಪಿರೆನೋನ್ ಇರುವ ಗುಳಿಗೆಗಳಲ್ಲಿ 9ರಿಂದ 12 ಮಂದಿಗೆ. ಅಂದರೆ ಔಷಧದಂಗಡಿಯ ದುಬಾರಿ ಹೊಸ ಗುಳಿಗೆ ಈ ಒಂದು ವಿಷಯದಲ್ಲಿ ಸರಕಾರಿ ಗುಳಿಗೆಗಿಂತ ಮೇಲಲ್ಲ. ಗರ್ಭಿಣಿಯರಲ್ಲಿ, ಅದರಲ್ಲೂ ಹೆರಿಗೆಯಾದ ಮೊದಲ ವಾರಗಳಲ್ಲಿ, ಹೆಪ್ಪುಗಟ್ಟುವ ಅಪಾಯ ಗುಳಿಗೆಯ ಅಪಾಯಕ್ಕಿಂತ ಬಹಳ ಹೆಚ್ಚು.

ಈ ಅಂಕಿಗಳನ್ನು ಹೇಳುವ ರೀತಿಯೂ ಮುಖ್ಯ ಎಂಬುದನ್ನು 1995ರ ಬ್ರಿಟನ್ನಿನ ಪ್ರಸಂಗ ತೋರಿಸಿತು. ಕೆಲವು ಹೊಸ ಗುಳಿಗೆಗಳಲ್ಲಿ ಅಪಾಯ ಎರಡು ಪಟ್ಟು ಎಂಬ ಎಚ್ಚರಿಕೆ ಅಕ್ಟೋಬರಿನಲ್ಲಿ ಹೊರಬಿದ್ದಾಗ ಅನೇಕರು ಗಾಬರಿಯಿಂದ ಗುಳಿಗೆ ಬಿಟ್ಟರು. ಮರುವರ್ಷ ಅಲ್ಲಿ ಗರ್ಭಪಾತಗಳು ಏರಿದವು. ಎರಡು ಪಟ್ಟು ಎಂಬ ಮಾತು ನಿಜವೇ ಆಗಿತ್ತು, ಆದರೆ ಮೂಲ ಸಂಖ್ಯೆ ತೀರ ಸಣ್ಣದೆಂಬುದು ಜನರಿಗೆ ತಲುಪಲಿಲ್ಲ.

ಹೆಪ್ಪುಗಟ್ಟುವ ಅಪಾಯ ಬಳಕೆಯ ಮೊದಲ ವರ್ಷದಲ್ಲಿ ಹೆಚ್ಚು. ನಾಲ್ಕು ವಾರಕ್ಕಿಂತ ಹೆಚ್ಚು ಬಿಟ್ಟು ಮತ್ತೆ ಶುರು ಮಾಡಿದಾಗ ಅದು ಪುನಃ ಏರುತ್ತದೆ. ಆಗಾಗ ದೇಹಕ್ಕೆ ವಿರಾಮ ಕೊಡಬೇಕೆಂಬ ರೂಢಿಯ ಮಾತಿಗೆ ಈ ಕಾರಣದಿಂದ ವೈದ್ಯಕೀಯ ಆಧಾರವಿಲ್ಲ.

ರಕ್ತದೊತ್ತಡ, ತಂಬಾಕು, ತಲೆನೋವು: ಈಸ್ಟ್ರೊಜೆನ್ ಕೆಲವರಲ್ಲಿ ಬಿಪಿ ಏರಿಸುತ್ತದೆ. ಹೃದಯಾಘಾತ, ಪಾರ್ಶ್ವವಾಯು ಯುವತಿಯರಲ್ಲಿ ಅಪರೂಪ. ಆದರೆ ಬಿಪಿ ಹೆಚ್ಚಿದ್ದವರಲ್ಲಿ, 35 ದಾಟಿ ಬೀಡಿ ಸಿಗರೇಟು ಸೇದುವವರಲ್ಲಿ, ಕಣ್ಣ ಮುಂದೆ ಮಿಂಚು ಅಥವಾ ಅಂಕುಡೊಂಕು ಗೆರೆ ಕಾಣಿಸಿ ಬರುವ ಅರೆತಲೆನೋವು ಇರುವವರಲ್ಲಿ ಗುಳಿಗೆ ಈ ಅಪಾಯವನ್ನು ಹೆಚ್ಚಿಸುತ್ತದೆ. ಹೀಗಾಗಿ ಗುಳಿಗೆ ಕೊಡುವ ಮುನ್ನ ಒಮ್ಮೆ ಬಿಪಿ ನೋಡುವುದು ಅತ್ಯಂತ ಉಪಯುಕ್ತ ಪರೀಕ್ಷೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಒಳಪರೀಕ್ಷೆ ಎಲ್ಲರಿಗೂ ಬೇಕಿಲ್ಲ.

ಕ್ಯಾನ್ಸರ್: ಈ ವಿಷಯದಲ್ಲಿ ಲಾಭವೂ ನಷ್ಟವೂ ಇವೆ. 1996ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವಿಶ್ಲೇಷಣೆಯ ಪ್ರಕಾರ ಗುಳಿಗೆ ನುಂಗುತ್ತಿರುವಾಗ ಸ್ತನ ಕ್ಯಾನ್ಸರಿನ ಸಂಭವ ಶೇ. 24ರಷ್ಟು ಹೆಚ್ಚು, ಬಿಟ್ಟ ಮೇಲೆ ಕ್ರಮೇಣ ಇಳಿಯುತ್ತದೆ. 2017ರ ಡೆನ್ಮಾರ್ಕಿನ ಅಧ್ಯಯನದಲ್ಲಿ ಈ ಹೆಚ್ಚಳ ಶೇ. 20. ಸಂಖ್ಯೆಯಲ್ಲಿ ಹೇಳುವುದಾದರೆ, ಸುಮಾರು 7,700 ಮಹಿಳೆಯರು ಒಂದು ವರ್ಷ ಹಾರ್ಮೋನಿನ ಗರ್ಭನಿರೋಧಕ ಬಳಸಿದರೆ ಒಂದು ಹೆಚ್ಚುವರಿ ಪ್ರಕರಣ. ಐದು ವರ್ಷ ಮೀರಿ ಬಳಸುವವರಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರಿನ ಸಂಭವವೂ ಸ್ವಲ್ಪ ಏರುತ್ತದೆ. ಇನ್ನೊಂದು ಕಡೆ, ಅಂಡಾಶಯದ ಕ್ಯಾನ್ಸರಿನ ಸಂಭವ ಪ್ರತಿ ಐದು ವರ್ಷದ ಬಳಕೆಗೆ ಸುಮಾರು ಶೇ. 20ರಷ್ಟು ಇಳಿಯುತ್ತದೆ, ಹದಿನೈದು ವರ್ಷಕ್ಕೆ ಅರ್ಧಕ್ಕೆ ಬರುತ್ತದೆ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಕೂಡ ಕಡಿಮೆಯಾಗುತ್ತದೆ. ಗುಳಿಗೆ ಬಿಟ್ಟು ದಶಕಗಳಾದರೂ ಈ ರಕ್ಷಣೆ ಉಳಿದಿರುತ್ತದೆ.

ಸಣ್ಣ ತೊಂದರೆಗಳು ಮತ್ತು ಲಾಭಗಳು: ಮೊದಲ ಮೂರು ತಿಂಗಳು ಹೊಟ್ಟೆ ತೊಳಸು, ಎದೆ ಬಿಗಿತ, ತಲೆನೋವು, ನಡುನಡುವೆ ರಕ್ತದ ಕಲೆ ಕಾಣುವುದು ಸಾಮಾನ್ಯ. ಇವು ಬಹುತೇಕ ತಾವಾಗಿಯೇ ಹೋಗುತ್ತವೆ. ಕೆಲವರಲ್ಲಿ ಮನಸ್ಸಿನ ಉಲ್ಲಾಸ ಕುಂದುವುದುಂಟು, ಅಂಥವರು ವಿಧಾನ ಬದಲಿಸಬಹುದು. ಗುಳಿಗೆಯಿಂದ ಮೈ ಬಹಳ ಬರುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಪುರಾವೆ ಸಿಕ್ಕಿಲ್ಲ. ಬಂಜೆತನ ಬರುತ್ತದೆ ಎಂಬುದು ತಪ್ಪು, ಬಿಟ್ಟ ಕೆಲವೇ ತಿಂಗಳುಗಳಲ್ಲಿ ಗರ್ಭಧಾರಣೆಯ ಶಕ್ತಿ ಮರಳುತ್ತದೆ. ಮುಟ್ಟಿನ ಸ್ರಾವ ಮತ್ತು ಹೊಟ್ಟೆನೋವು ಇಳಿಯುತ್ತವೆ. ರಕ್ತಹೀನತೆ ವ್ಯಾಪಕವಾಗಿರುವ ನಮ್ಮಲ್ಲಿ ಇದು ಸಣ್ಣ ಲಾಭವಲ್ಲ. ಈಸ್ಟ್ರೊಜೆನ್ 20 ಮೈಕ್ರೋಗ್ರಾಂಗೆ ಇಳಿದ ಗುಳಿಗೆಗಳಲ್ಲಿ ನಡುವಿನ ರಕ್ತಸ್ರಾವ ಹೆಚ್ಚು, ಅದೇ ಕಾರಣಕ್ಕೆ ಅರ್ಧಕ್ಕೆ ಬಿಡುವವರೂ ಹೆಚ್ಚು. ಪ್ರಮಾಣ ಇಳಿದಷ್ಟೂ ಒಳ್ಳೆಯದೆಂದು ಹೇಳಲಾಗದು.

ಯಾರಿಗೆ ಬೇಡ

ವಿಶ್ವ ಆರೋಗ್ಯ ಸಂಸ್ಥೆ ಪ್ರತಿ ಆರೋಗ್ಯ ಸ್ಥಿತಿಯನ್ನೂ ನಾಲ್ಕು ವರ್ಗಗಳಲ್ಲಿ ಹಾಕಿ ಅರ್ಹತೆಯ ಪಟ್ಟಿ ಮಾಡಿದೆ. ಅದರಂತೆ ಎದೆಹಾಲು ಕುಡಿಸುವ ಬಾಣಂತಿಗೆ ಮೊದಲ ಆರು ವಾರ ಈ ಗುಳಿಗೆ ಕೊಡಲೇಬಾರದು, ಆರು ತಿಂಗಳವರೆಗೆ ಸಾಮಾನ್ಯವಾಗಿ ಬೇಡ. ಹಾಲು ಕುಡಿಸದಿದ್ದರೂ ಹೆರಿಗೆಯಾದ ಮೂರು ವಾರಗಳೊಳಗೆ ಬೇಡ. ಬಿಪಿ 140/90 ಮುಟ್ಟಿದ್ದರೆ ಬೇರೆ ವಿಧಾನ ಹುಡುಕಬೇಕು, 160/100 ಆದರೆ ಗುಳಿಗೆ ನಿಷಿದ್ಧ. 35 ದಾಟಿ ಹೊಗೆಸೊಪ್ಪು ಸೇದುವವರು, ಹಿಂದೆ ರಕ್ತ ಹೆಪ್ಪುಗಟ್ಟಿದವರು, ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಸ್ತನ ಕ್ಯಾನ್ಸರ್ ಇರುವವರು, ತೀವ್ರ ಯಕೃತ್ತಿನ ಕಾಯಿಲೆ ಅಥವಾ ಸಕ್ರಿಯ ಕಾಮಾಲೆ ಇರುವವರು, ಮೊದಲೇ ಹೇಳಿದ ಬಗೆಯ ಅರೆತಲೆನೋವಿನವರು ಇದನ್ನು ಬಳಸಬಾರದು. ದೀರ್ಘಕಾಲದ ಸಕ್ಕರೆ ಕಾಯಿಲೆಯಿಂದ ಕಣ್ಣು, ಮೂತ್ರಪಿಂಡ ಕೆಟ್ಟವರಿಗೂ ಬೇಡ.

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೊಬಾರ್ಬಿಟೋನ್ ಯಕೃತ್ತಿನಲ್ಲಿ ಹಾರ್ಮೋನು ಬೇಗ ಕರಗುವಂತೆ ಮಾಡಿ ಗುಳಿಗೆಯ ಪರಿಣಾಮ ತಗ್ಗಿಸುತ್ತವೆ. ಕ್ಷಯದ ಚಿಕಿತ್ಸೆಯಲ್ಲಿರುವ ಮಹಿಳೆಯನ್ನು ಈ ಪ್ರಶ್ನೆ ಕೇಳುವುದು ಎಷ್ಟೋ ಸಲ ತಪ್ಪಿಹೋಗುತ್ತದೆ. ಸಾಮಾನ್ಯ ಜ್ವರ, ಕೆಮ್ಮಿಗೆ ಕೊಡುವ ಆಂಟಿಬಯೊಟಿಕ್‌ಗಳಿಂದ ಇಂಥ ತೊಂದರೆಯಿಲ್ಲ.

ಒಂದೇ ಕಾಲು ಬಾತು ನೋಯುವುದು, ಎದೆನೋವು ಅಥವಾ ಉಸಿರು ಕಟ್ಟುವುದು, ಹಿಂದೆಂದೂ ಬಾರದಂಥ ತಲೆನೋವು, ಕಣ್ಣು ಮಂಜಾಗುವುದು, ಮಾತು ತೊದಲುವುದು, ತೀವ್ರ ಹೊಟ್ಟೆನೋವು, ಕಣ್ಣು ಹಳದಿಯಾಗುವುದು ಕಂಡರೆ ಗುಳಿಗೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಬಸವಕಲ್ಯಾಣ ಮತ್ತು ಹುಮನಾಬಾದದಲ್ಲಿ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ವಿವಾಹಿತ ಮಹಿಳೆಯರಲ್ಲಿ ಶೇ. 5.1ರಷ್ಟು ಮಂದಿ ಗುಳಿಗೆ ಬಳಸುತ್ತಾರೆ, ಶೇ. 37.9ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಕರ್ನಾಟಕದಲ್ಲಿ ಆಪರೇಷನ್ನಿನ ಪಾಲು ಶೇ. 57.4, ಗುಳಿಗೆಯ ಪಾಲು ದೇಶದ ಸರಾಸರಿಗಿಂತ ಬಹಳ ಕೆಳಗೆ. ಬೇಗ ಮದುವೆ, ಬೆನ್ನು ಬೆನ್ನಿಗೆ ಎರಡು ಮೂರು ಹೆರಿಗೆ, ನಂತರ ಆಪರೇಷನ್ ಎಂಬುದು ರಾಜ್ಯದ ಹಳ್ಳಿಗಳಲ್ಲಿ ಪರಿಚಿತ ಕ್ರಮ. ಹೆರಿಗೆಗಳ ನಡುವೆ ಅಂತರ ಬೇಕಾದ ಆ ಮೊದಲ ಕೆಲವು ವರ್ಷಗಳೇ ಗುಳಿಗೆ ಹೆಚ್ಚು ಉಪಯೋಗಕ್ಕೆ ಬರುವ ಕಾಲ.

ಎರಡೂ ಪಟ್ಟಣಗಳಲ್ಲಿ ಸರಕಾರಿ ತಾಲ್ಲೂಕು ಆಸ್ಪತ್ರೆಗಳಿವೆ. ಜಿಲ್ಲಾ ಮಟ್ಟದ ಚಿಕಿತ್ಸೆಗೆ ಬೀದರಿನ ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ಬ್ರಿಮ್ಸ್, ಇದೆ. ಮುಡಬಿ, ರಾಜೇಶ್ವರ, ಹಳ್ಳಿಖೇಡ, ದುಬಲಗುಂಡಿ ಸುತ್ತಲಿನ ಹಳ್ಳಿಗಳ ಮಹಿಳೆಯರಿಗೆ ಗುಳಿಗೆ ತಲುಪಿಸುವವರು ಮುಖ್ಯವಾಗಿ ಆಶಾ ಕಾರ್ಯಕರ್ತೆಯರು ಮತ್ತು ಉಪಕೇಂದ್ರದ ಸಿಸ್ಟರ್. 2011ರಲ್ಲಿ ಆರಂಭವಾದ ಮನೆ ಬಾಗಿಲಿಗೆ ಗರ್ಭನಿರೋಧಕ ಯೋಜನೆಯಲ್ಲಿ ಆಶಾ ಒಂದು ತಿಂಗಳ ಪಟ್ಟಿಗೆ 1 ರೂಪಾಯಿ ಪಡೆಯಬಹುದು. ಆರೋಗ್ಯ ಕೇಂದ್ರದಲ್ಲಿ ಅದು ಪುಕ್ಕಟೆ. ಮಹಾರಾಷ್ಟ್ರ ಮತ್ತು ತೆಲಂಗಾಣದ ಗಡಿಗೆ ಹತ್ತಿರದ ಈ ಭಾಗದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮನೆಮಾತುಗಳು. ಮರೆತ ಗುಳಿಗೆಯ ನಿಯಮದಂಥ ಸೂಕ್ಷ್ಮ ವಿಷಯವನ್ನು ಆಯಾ ಮನೆಮಾತಿನಲ್ಲಿ ಹೇಳಿದಾಗಲೇ ಅದು ಮನಸ್ಸಿನಲ್ಲಿ ನಿಲ್ಲುತ್ತದೆ.

ಇಲ್ಲಿಂದ ಹೈದರಾಬಾದ್, ಪುಣೆ, ಮುಂಬಯಿಗೆ ದುಡಿಯಲು ಹೋಗುವವರು ಬಹಳ. ಗಂಡ ಊರಲ್ಲಿಲ್ಲದಾಗ ಗುಳಿಗೆ ಬಿಟ್ಟು, ಹಬ್ಬಕ್ಕೆ ಬಂದಾಗ ಮತ್ತೆ ನುಂಗುವ ಕ್ರಮ ಎರಡು ರೀತಿಯಲ್ಲಿ ಕೆಡುಕು: ತಕ್ಷಣ ರಕ್ಷಣೆ ಸಿಗುವುದಿಲ್ಲ, ಹೆಪ್ಪುಗಟ್ಟುವ ಅಪಾಯ ಪ್ರತಿ ಸಲವೂ ಹೊಸದಾಗಿ ಏರುತ್ತದೆ. ಇಂಥ ಮನೆಗಳಿಗೆ ಒಂದೋ ಬಿಡದೆ ಗುಳಿಗೆ, ಇಲ್ಲವೇ ಕಾಪರ್-ಟಿ ಅಥವಾ ನಿರೋಧ್ ಸೂಕ್ತ. ದುಡಿಯಲು ಕುಟುಂಬ ಸಮೇತ ಹೋಗುವವರಿಗೆ ಒಂದೇ ಸಲಕ್ಕೆ ಹಲವು ತಿಂಗಳ ಪಟ್ಟಿ ಕೊಡುವುದು ಲೇಸು.

ಬೇರೆ ಗುಳಿಗೆಗಳ ಜೊತೆ ಗೊಂದಲ

ಔಷಧದಂಗಡಿಯಲ್ಲಿ ಸಿಗುವ ನಾಲ್ಕು ಬಗೆಯ ಗುಳಿಗೆಗಳು ಜನರ ಮಾತಿನಲ್ಲಿ ಒಂದೇ ಆಗಿಬಿಡುತ್ತವೆ. ತುರ್ತು ಗುಳಿಗೆಯಲ್ಲಿ ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ ಇರುತ್ತದೆ. ಅದನ್ನು ಸಂಪರ್ಕದ ನಂತರ 72 ಗಂಟೆಯೊಳಗೆ ನುಂಗಬೇಕು, ನಿತ್ಯದ ಬಳಕೆಗೆ ಅದು ಯೋಗ್ಯವಲ್ಲ. ಗರ್ಭಪಾತದ ಕಿಟ್ ಬೇರೆಯೇ ಔಷಧ, ಕಾನೂನಿನ ಪ್ರಕಾರ ವೈದ್ಯರ ಮೂಲಕವೇ ಪಡೆಯಬೇಕು. ಮಾಣಿಕನಗರದ ದತ್ತ ಜಯಂತಿಗೋ ಹುಮನಾಬಾದದ ವೀರಭದ್ರೇಶ್ವರ ಜಾತ್ರೆಗೋ ಮನೆಯ ಮದುವೆಗೋ ಮುಟ್ಟು ಮುಂದೂಡಲು ನುಂಗುವುದು ಸಾಮಾನ್ಯವಾಗಿ ನಾರೆಥಿಸ್ಟೆರೋನ್ 5 ಮಿಲಿಗ್ರಾಂ. ಆ ಕೆಲವು ದಿನಗಳ ಬಳಕೆಯನ್ನು ಗರ್ಭನಿರೋಧಕವೆಂದು ನೆಚ್ಚುವಂತಿಲ್ಲ, ಹಿಂದೆ ರಕ್ತ ಹೆಪ್ಪುಗಟ್ಟಿದವರು ಅದನ್ನೂ ಕೇಳದೆ ನುಂಗಬಾರದು. ನಾಲ್ಕನೆಯದು ಈ ಲೇಖನದ ವಿಷಯವಾದ ನಿತ್ಯದ ಗುಳಿಗೆ.

ಇತರ ವಿಧಾನಗಳು

ಸಂಯುಕ್ತ ಗುಳಿಗೆ ಹೊಂದದವರಿಗೆ ಸರಕಾರಿ ವ್ಯವಸ್ಥೆಯಲ್ಲೇ ಬೇರೆ ದಾರಿಗಳಿವೆ. 2017ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಎರಡು ಹೊಸ ಹೆಸರುಗಳನ್ನು ತಂದಿತು. ಅಂತರಾ ಎಂಬುದು ಮೂರು ತಿಂಗಳಿಗೊಮ್ಮೆ ಚುಚ್ಚುವ ಇಂಜೆಕ್ಷನ್. ಛಾಯಾ ಎಂಬುದು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಸೆಂಟ್‌ಕ್ರೊಮನ್ ಗುಳಿಗೆ. ಅದನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ನಂತರ ವಾರಕ್ಕೊಮ್ಮೆ ನುಂಗಬೇಕು. ಈಸ್ಟ್ರೊಜೆನ್, ಪ್ರೊಜೆಸ್ಟಿನ್ ಎರಡೂ ಇಲ್ಲದ ಕಾರಣ ಎದೆಹಾಲು ಕುಡಿಸುವವರೂ ಬಳಸಬಹುದು. ಕಾಪರ್-ಟಿ ಹಾಕಿಸಿಕೊಂಡವರಲ್ಲಿ ವರ್ಷಕ್ಕೆ 100ಕ್ಕೆ ಒಬ್ಬರಿಗಿಂತ ಕಡಿಮೆ ಮಂದಿಗೆ ಗರ್ಭ ನಿಲ್ಲುತ್ತದೆ, ದಿನವೂ ನೆನಪಿಡುವ ಹೊರೆಯೂ ಇಲ್ಲ. ಎಚ್‌ಐವಿ ಮತ್ತು ಇತರ ಲೈಂಗಿಕ ರೋಗಗಳಿಂದ ಗುಳಿಗೆ ರಕ್ಷಿಸುವುದಿಲ್ಲ, ಅದಕ್ಕೆ ನಿರೋಧ್ ಬೇಕು. ಗಂಡಸರ ನಸ್‌ಬಂದಿ ಹೆಂಗಸರ ಆಪರೇಷನ್ನಿಗಿಂತ ಸರಳವಾದರೂ ಕರ್ನಾಟಕದಲ್ಲಿ ಅದನ್ನು ಮಾಡಿಸಿಕೊಳ್ಳುವವರು ಬೆರಳೆಣಿಕೆಯಷ್ಟು. ಅಂತರದ ಹೊಣೆಯೂ ನಿಲುಗಡೆಯ ಹೊಣೆಯೂ ಬಹುಪಾಲು ಹೆಂಗಸಿನ ಮೇಲೆಯೇ ಬಿದ್ದಿರುವಾಗ, ಅವಳ ಕೈಗೆ ಗುಳಿಗೆಯ ಪಟ್ಟಿಯ ಜೊತೆ ಬಿಪಿಯ ಅಳತೆ, ಮರೆತಾಗ ಏನು ಮಾಡಬೇಕೆಂಬ ತಿಳಿವಳಿಕೆ ಮತ್ತು ಮುಂದಿನ ತಿಂಗಳ ಪಟ್ಟಿ ಮೂರೂ ಸೇರಿ ತಲುಪಬೇಕು.